ನಾನು ಹೆಣೆಯದ ಸ್ವೆಟರುಗಳು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟು ಹೋಗಿದ್ದಾರೆ. ಮದುವೆಯಾದ ಮೇಲೆ ಆ ಸಾವಿರ ಸುಳ್ಳುಗಳನ್ನು ಅನ್ನ ಹಾಕಿ ಸಾಕುವವರು ಯಾರು ಎಂಬುದನ್ನು ಮಾತ್ರ ಯಾವ ಗಾದೆಯಲ್ಲೂ ಹೇಳಿಲ್ಲ. ನನ್ನ ಮದುವೆಗಾಗಿ ಹೇಳಿದ ಸುಳ್ಳುಗಳಲ್ಲಿ ಹೆಚ್ಚಿನವು ತಮ್ಮಷ್ಟಕ್ಕೆ ತಾವೇ ತೀರಿಕೊಂಡವು. ಹುಡುಗಿ ಚೆನ್ನಾಗಿ ಹಾಡುತ್ತಾಳೆ ಎಂದಿದ್ದರು. ಅತ್ತೆಯ ಮನೆಯಲ್ಲಿ ಒಂದು ಸಲ ಹಾಡಿದೆ, ಮತ್ತೆ ಯಾರೂ ಹಾಡು ಎನ್ನಲಿಲ್ಲ. ಹುಡುಗನಿಗೆ ಕೋಪ ಎಂಬುದೇ ಗೊತ್ತಿಲ್ಲ ಎಂದು ಆ ಕಡೆಯವರು ಹೇಳಿದ್ದರು. ಮದುವೆಯಾದ ಮೂರನೆಯ ದಿನ ಕಾಫಿಗೆ ಸಕ್ಕರೆ ಕಡಿಮೆಯಾಗಿ ಅದೂ ಹೋಯಿತು. ಉಳಿದುಕೊಂಡದ್ದು ಒಂದೇ ಸುಳ್ಳು. ಹತ್ತು ವರ್ಷ, ಚಳಿಗಾಲಕ್ಕೊಂದರಂತೆ ಸ್ವೆಟರು ತೊಟ್ಟುಕೊಂಡು ಅದು ನಮ್ಮ ಮನೆಯಲ್ಲಿ ಬೆಚ್ಚಗೆ ಬೆಳೆಯಿತು. ಅದರ ಕಥೆಯನ್ನು ಯಾರಿಗಾದರೂ ಹೇಳಿ ಹಗುರಾಗೋಣವೆಂದು, ಹೇಳಬೇಕಾದವರಿಗೆ ಹೇಳಿ ನೋಡಿ ಸೋತ ಮೇಲೆ ಈಗ ನಿಮಗೆ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಕಡೆ ಹೆಣ್ಣು ನೋಡಲು ಬಂದರೆ ಉಪ್ಪಿಟ್ಟು ಕೇಸರಿಬಾತಿನ ತಟ್ಟೆಯ ಹಿಂದೆಯೇ ಇನ್ನೊಂದು ತಟ್ಟೆ ಬರುತ್ತಿತ್ತು. ಅದು ಹುಡುಗಿಯ ಕೈಕೆಲಸದ ತಟ್ಟೆ. ಕಸೂತಿ ಹಾಕಿದ ದಿಂಬಿನ ಚೀಲ, ಮಣಿ ಪೋಣಿಸಿ ಮಾಡಿದ ಗಿಳಿ, ವೈರಿನ ಬುಟ್ಟಿ, ಇವಿಲ್ಲದ ಹುಡುಗಿಗೆ ಗಂಡು ಸಿಕ್ಕುವುದು ಕಷ್ಟವೆಂದು ತಾಯಂದಿರು ನಂಬಿದ್ದ ಕಾಲ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಅಂದು ಇಟ್ಟ ತಟ್ಟೆಯಲ್ಲಿ ದಿಂಬಿನ ಚೀಲ ಅತ್ತಿಗೆಯದು, ಗಿಳಿ ದೊಡ್ಡಪ್ಪನ ಮಗಳದು, ಬುಟ್ಟಿ ಪಕ್ಕದ ಮನೆಯವರದು. ನಮ್ಮಮ್ಮನ ಸ್ವಂತದ್ದು ಎಂದು ಆ ಕೋಣೆಯಲ್ಲಿದ್ದದ್ದು ನಾನೊಬ್ಬಳೇ. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಬಾಳು ಬೇರೆಯಾಗಿರುತ್ತಿತ್ತು. ಆದರೆ ಹಿರಿಯೂರಿನವರು ಒಳ್ಳೆಯ ಮನೆತನ, ಹುಡುಗ ಹೈಸ್ಕೂಲು ಮೇಷ್ಟ್ರು ಎಂದು ಗೊತ್ತಾದ ಮೇಲೆ ನಮ್ಮಮ್ಮನಿಗೆ ತಟ್ಟೆ ಖಾಲಿ ಖಾಲಿ ಕಂಡಿತು. ಓಡಿ ಹೋಗಿ ಮಂಗಳಕ್ಕನ ಅಂಗಡಿಯಿಂದ ಒಂದು ಸ್ವೆಟರು ತಂದಳು.

ಮಂಗಳಕ್ಕನ ಉಲ್ಲನ್ ಅಂಗಡಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ, ಬಳೆ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಇತ್ತು. ಗಿರಣಿಯ ಹಿಟ್ಟು ಹಾರಿ ಬಂದು ಕೂರುತ್ತಿದ್ದುದರಿಂದ ಅಲ್ಲಿ ಕಪ್ಪು ನೂಲು ಯಾವಾಗಲೂ ಬೂದು ಬಣ್ಣದಲ್ಲೇ ಮಾರಾಟವಾಗುತ್ತಿತ್ತು. ಆ ಅಂಗಡಿಗೆ ಅದರದೇ ಪಂಚಾಂಗ. ದಸರೆ ಮುಗಿದ ವಾರ ಉತ್ತರದ ಕಡೆಯಿಂದ ಹೊಸ ನೂಲಿನ ಮೂಟೆಗಳು ಬಂದಿಳಿಯುತ್ತಿದ್ದವು. ಅವನ್ನು ಬಿಚ್ಚುವ ದಿನ ಬೆಂಚಿನ ಮೇಲೆ ಜಾಗ ಹಿಡಿಯಲು ಹೆಂಗಸರು ಮನೆಯ ಅಡುಗೆಯನ್ನು ಬೆಳಗ್ಗೆಯೇ ಮುಗಿಸಿ ಬರುತ್ತಿದ್ದರು. ದೀಪಾವಳಿಗೆ ಸ್ವೆಟರಿನ ಬೆನ್ನು ಮುಗಿದಿರಬೇಕು, ಕಾರ್ತಿಕಕ್ಕೆ ಎದೆ, ಧನುರ್ಮಾಸಕ್ಕೆ ತೋಳು. ಸಂಕ್ರಾಂತಿಯ ಹೊತ್ತಿಗೂ ಕುತ್ತಿಗೆ ಕೂಡಿಸದವಳನ್ನು ಬೆಂಚಿನ ಮೇಲಿನ ಉಳಿದವರು ಮಾತಾಡಿಸುತ್ತಿರಲಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋದ ಮೇಲೆ ಅಂಗಡಿಗೆ ಬಿಳಿ ದಾರ ಬರುತ್ತಿತ್ತು. ಬೇಸಿಗೆಯೆಲ್ಲ ಬಾಗಿಲಿಗೆ ತೋರಣ, ಟಿ.ವಿ.ಗೆ ಹೊದಿಕೆ. ನಮ್ಮೂರಲ್ಲಿ ಟಿ.ವಿ.ಗೆ ಇದ್ದಷ್ಟು ಬಟ್ಟೆ ಕೆಲವು ಮನೆಯ ಮಕ್ಕಳಿಗೂ ಇರಲಿಲ್ಲ. ಇಂಥ ಅಂಗಡಿಯಲ್ಲಿ ಮಂಗಳಕ್ಕ ಒಂದು ಸ್ವೆಟರನ್ನು ನುಸಿಗುಳಿಗೆ ಹಾಕಿ ಬೇರೆಯಾಗಿ ಎತ್ತಿಟ್ಟಿರುತ್ತಿದ್ದಳು. ಎದೆಯ ಮೇಲೆ ಜಡೆಯಂಥ ಹೆಣಿಗೆ, ತೋಳಿನ ತುದಿಯಲ್ಲಿ ಮೂರು ಬಿಳಿ ಗೆರೆ ಇದ್ದ ಅದಕ್ಕೆ 'ತೋರಿಸೋ ಸ್ವೆಟರು' ಎಂದೇ ಹೆಸರು. ಯಾವ ಹುಡುಗಿಯನ್ನು ನೋಡಲು ಗಂಡಿನವರು ಬಂದರೂ ಅದು ಆ ಮನೆಗೆ ಹೋಗಿ ತಟ್ಟೆಯಲ್ಲಿ ಕೂತು ಬರುತ್ತಿತ್ತು. ಆಕೆಯ ಷರತ್ತು ಎರಡೇ: ಯಾರೂ ಅದನ್ನು ಮೈಗೆ ಹಾಕಿ ಹಿಗ್ಗಿಸಬಾರದು, ಸಂಜೆಯೊಳಗೆ ವಾಪಸು ತರಬೇಕು. ಮರುದಿನ ಇನ್ನೊಂದು ಮನೆಯವರು ಕೇಳಿರುತ್ತಿದ್ದರು.

ಗಂಡಿನ ತಾಯಿ, ಅಂದರೆ ನನ್ನ ಅತ್ತೆ, ಗಿಳಿಯನ್ನಾಗಲಿ ಬುಟ್ಟಿಯನ್ನಾಗಲಿ ನೋಡಲೇ ಇಲ್ಲ. ಸ್ವೆಟರನ್ನು ಕೈಗೆತ್ತಿಕೊಂಡು ಸೀದಾ ಒಳಹೊರಗು ಮಾಡಿದರು. "ಹೊರಗೆ ಯಾರು ಬೇಕಾದ್ರೂ ಚೆಂದ ಮಾಡ್ತಾರೆ ಕಣಮ್ಮ. ಒಳಮೈ ನೋಡಬೇಕು. ಗಂಟುಗಳನ್ನ ಎಲ್ಲೆಲ್ಲಿ ಮುಚ್ಚಿಟ್ಟಾಳೆ ಅಂತ ಅಲ್ಲಿ ಗೊತ್ತಾಗತೈತೆ" ಎಂದು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಮ್ಮ ಗಂಡನ ಕಡೆ ತಿರುಗಿ, "ಒಂದು ಗಂಟೂ ಕಾಣಂಗಿಲ್ಲ. ಹುಡುಗಿ ಆಗಬಹುದು" ಎಂದರು. ನನ್ನ ಮುಖವನ್ನು ಅವರು ಸರಿಯಾಗಿ ನೋಡಿದ್ದು ಮದುವೆಯ ದಿನವೇ ಇರಬೇಕು.

ಹಿರಿಯೂರಿಗೆ ಕಾಲಿಟ್ಟ ಮೊದಲ ದಸರೆ ಕಳೆಯುತ್ತಲೇ ಅತ್ತೆ ಕರೆದು, "ನಿಮ್ಮ ಮಾವ ಕತ್ತಲಿರಂಗೇ ಜವನಗೊಂಡನಹಳ್ಳಿ ಹೊಲಕ್ಕೆ ಹೋಗ್ತಾರೆ, ಅವರಿಗೊಂದು ಸ್ವೆಟರು ಹೆಣೆದು ಕೊಡವ್ವ" ಎಂದರು. ಹೂಂ ಎಂದೆ. ಮಾವನವರ ಹಳೆಯ ಅಂಗಿಯೊಂದನ್ನು ಅಳತೆಗೆಂದು ಚೀಲದಲ್ಲಿ ತುರುಕಿಕೊಂಡು, ತವರು ನೆನಪಾಗುತ್ತಿದೆ ಎಂದು ಹೇಳಿ ಬಸ್ಸು ಹತ್ತಿದೆ. ನಿಜವಾಗಿಯೂ ಕಲಿಯೋಣವೆಂದೇ ಹೋಗಿದ್ದೆ. ಮಂಗಳಕ್ಕ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಎರಡು ಕಡ್ಡಿ, ಒಂದು ಉಂಡೆ ಕೊಟ್ಟಳು. ನಲವತ್ತು ಕುಣಿಕೆ ಹಾಕಿಕೊಟ್ಟು ಹೆಣೆಯಲು ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ನಲವತ್ತು ಅರವತ್ತೆಂಟಾಗಿತ್ತು. ಎಲ್ಲಿಂದ ಬಂದವು ಎಂದು ನನಗೂ ತಿಳಿಯದು, ಆಕೆಗೂ ತಿಳಿಯದು. ಮರುದಿನ ನಲವತ್ತು ಇಪ್ಪತ್ತೊಂದಾಯಿತು. ಮೂರನೆಯ ದಿನ ಕಡ್ಡಿಯೇ ನೂಲಿನೊಳಗೆ ಸಿಕ್ಕಿಕೊಂಡು ಕತ್ತರಿ ಹಾಕಿ ಬಿಡಿಸಬೇಕಾಯಿತು. "ತಾಯಿ, ಕಡ್ಡಿ ಕೆಳಗಿಡು. ಆ ನೂಲು ನಿನಗೇನು ಅನ್ಯಾಯ ಮಾಡೈತೆ?" ಎಂದು ಮಂಗಳಕ್ಕ ಕೈಮುಗಿದಳು. ನಾನು ಅತ್ತುಬಿಟ್ಟೆ. ಆಕೆ ನೋಡಲಾರದೆ, "ಅಳಬೇಡ, ಅಳತೆ ಅಂಗಿ ಇಟ್ಟು ಹೋಗು" ಎಂದಳು. ಹದಿನೈದು ದಿನಕ್ಕೆ ಸ್ವೆಟರು ತಯಾರಾಯಿತು. ಅತ್ತೆ ಅದನ್ನು ಒಳಹೊರಗು ಮಾಡಿ ನೋಡಿ ತಲೆದೂಗಿದರು. ಆ ತಲೆದೂಗಾಟದಲ್ಲಿ ನನ್ನ ತಲೆ ಸಿಕ್ಕಿಕೊಂಡಿತು.

ಅಲ್ಲಿಂದ ಮುಂದೆ ಚಳಿಗಾಲ ಬಂತೆಂದರೆ ನನಗೆ ಮಾತ್ರ ಬೆವರು. ಹಿರಿಯೂರಿನ ಚಳಿ ಇರುವುದೇ ಎಷ್ಟು? ಮಾರಿಕಣಿವೆ ಕಡೆಯಿಂದ ನಾಲ್ಕು ದಿನ ಗಾಳಿ ಬೀಸಿದರೆ ಅದೇ ನಮ್ಮ ಹಿಮಾಲಯ. ಆದರೆ ಅತ್ತೆಯ ಬಂಧುಬಳಗಕ್ಕೆ ಆ ನಾಲ್ಕು ದಿನವೇ ಸಾಕು. ತಾಳ್ಯದ ಅವರ ತಂಗಿಗೆ, ತಂಗಿಯ ಗಂಡನಿಗೆ, ಮಠಕ್ಕೆ ಬರುವ ಒಬ್ಬ ವಯಸ್ಸಾದ ಅಯ್ಯನವರಿಗೆ, ಎಲ್ಲರಿಗೂ ನಮ್ಮ ಸೊಸೆ ಹೆಣೆದು ಕೊಡುತ್ತಾಳೆ ಎಂದು ಮಾತು ಕೊಟ್ಟುಬಿಡುತ್ತಿದ್ದರು. ಮಂಗಳಕ್ಕನ ಅಂಗಡಿಗೆ ಯಾವ ಹೊಸ ನೂಲು ಬಂದರೂ ಆ ಸುದ್ದಿ ಹೇಗೋ ಇವರಿಗೆ ಮುಟ್ಟುತ್ತಿತ್ತು. ಒಂದು ವರ್ಷ ಮೊಲದ ಕೂದಲಿನಂಥ ನೂಲು ಬಂತು. ಅದು ಹಾಕಿಕೊಂಡವರಿಗಿಂತ ಹೆಚ್ಚಾಗಿ ಪಕ್ಕದಲ್ಲಿ ಕೂತವರ ಮೈಮೇಲೆ ಇರುತ್ತಿತ್ತು, ಸಾರಿನಲ್ಲೂ ಸಿಕ್ಕುತ್ತಿತ್ತು. ಇನ್ನೊಂದು ವರ್ಷ ಜರಿ ಎಳೆ ಸೇರಿಸಿದ ನೂಲು. ಅದರ ಸ್ವೆಟರು ತೊಟ್ಟು ಐಮಂಗಲದ ಸ್ಕೂಲಿಗೆ ಹೋದ ನಮ್ಮ ಯಜಮಾನರಿಗೆ ಹುಡುಗರು ಬ್ಯಾಂಡ್‌ಸೆಟ್ ಮೇಷ್ಟ್ರು ಎಂದು ಹೆಸರಿಟ್ಟರು. ಅವರು ಪಾಪ, ಹೆಂಡತಿಯ ಕೈಯಾರೆ ಹೆಣೆದದ್ದೆಂದು ಮೂರು ವರ್ಷ ಅದನ್ನೇ ತೊಟ್ಟರು. ಅವರಿಗಾದರೂ ನಿಜ ಹೇಳಬಹುದಿತ್ತು. ಆದರೆ ನಮ್ಮ ಯಜಮಾನರ ಹೊಟ್ಟೆಯಲ್ಲಿ ಉಪ್ಪಿಟ್ಟು ನಿಂತರೂ ಗುಟ್ಟು ನಿಲ್ಲದು.

ನೀನು ಹೆಣೆಯುವುದು ಕಾಣಿಸುವುದೇ ಇಲ್ಲವಲ್ಲ ಎಂದು ಅತ್ತೆ ಕೇಳಲಿಲ್ಲವೇ ಎನ್ನುತ್ತೀರಿ. ಕೇಳಿದರು. ಏನೋ ಒಂದು ಹೇಳಬೇಕಲ್ಲ ಎಂದು, "ಯಾರಾದ್ರೂ ನೋಡ್ತಿದ್ರೆ ನನ್ನ ಕೈ ಓಡಲ್ಲ ಅತ್ತೆ" ಎಂದೆ. ಅವರಿಗೆ ಅದು ಬಹಳ ಸರಿಯೆನಿಸಿತು. "ಅದೂ ನಿಜಾನೇ. ದೃಷ್ಟಿ ಬಿದ್ರೆ ಕುಣಿಕೆ ಜಾರತೈತೆ. ನೀನು ತವರಿಗೆ ಹೋಗೇ ಹೆಣೆದುಕೊಂಡು ಬಾ" ಎಂದು ಅವರೇ ದಾರಿ ಮಾಡಿಕೊಟ್ಟರು. ಸುಳ್ಳು ಹೇಳುವವರಿಗಿಂತ ನಂಬುವವರು ಜಾಣರು. ಬೇಕಾದ ಸಾಮಾನೆಲ್ಲ ಅವರೇ ಒದಗಿಸುತ್ತಾರೆ.

ಹೀಗೆ ಏಳು ಚಳಿಗಾಲ ಕಳೆದ ಮೇಲೆ ನನ್ನ ಮೈದುನನಿಗೆ ಹೆಣ್ಣು ನೋಡಲು ಹೊಳಲ್ಕೆರೆಗೆ ಹೋದೆವು. ಹುಡುಗಿಯ ಹೆಸರು ಪುಷ್ಪ, ದುರ್ಗದ ಕಾಲೇಜಿನಲ್ಲಿ ಬಿ.ಎ. ಓದಿದವಳು. ಉಪ್ಪಿಟ್ಟು ಬಂತು, ಹಿಂದೆಯೇ ಕೈಕೆಲಸದ ತಟ್ಟೆ ಬಂತು. ತಟ್ಟೆಯಲ್ಲಿ ಸ್ವೆಟರು. ಎದೆಯ ಮೇಲೆ ಅದೇ ಜಡೆಯಂಥ ಹೆಣಿಗೆ, ತೋಳಿನ ತುದಿಯಲ್ಲಿ ಅದೇ ಮೂರು ಬಿಳಿ ಗೆರೆ, ಅದೇ ನುಸಿಗುಳಿಗೆಯ ವಾಸನೆ. ಮಂಗಳಕ್ಕನ ಅಂಗಡಿಯ ಮಾಲನ್ನು ನಾನು ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲೆ. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ. ಇವಳೂ ನನ್ನ ಹಾಗೆಯೇ! ಈ ಲೋಕದಲ್ಲಿ ನಾನೊಬ್ಬಳೇ ಕಳ್ಳಿಯಲ್ಲ ಎಂದು ಕಣ್ಣು ತುಂಬಿ ಬಂತು. ಅತ್ತೆ ಸ್ವೆಟರನ್ನು ಒಳಹೊರಗು ಮಾಡುತ್ತಿರುವಾಗ ನಾನು ಪುಷ್ಪಳ ಕಡೆ ನೋಡಿ ನಕ್ಕೆ. ಅವಳೂ ನಕ್ಕಳು. ಹೊರಡುವಾಗ ಅವಳ ಕೈಹಿಡಿದು ಕಿವಿಯಲ್ಲಿ, "ಹೆದರ್ಬೇಡ, ನಾನಿದೀನಿ" ಎಂದೆ. ಅವಳಿಗೆ ಸ್ವಲ್ಪ ಗಾಬರಿಯಾದಂತೆ ಕಂಡಿತು. ಮೈದುನ ಇನ್ನೂ ಎರಡು ಕಡೆ ನೋಡೋಣ ಎನ್ನುತ್ತಿದ್ದ. ನಾನೇ ಹಟ ಹಿಡಿದು ಈ ಹುಡುಗಿಯನ್ನೇ ಮಾಡಿಸಿದೆ. ಇಬ್ಬರು ಸೊಸೆಯರಿಗೂ ಹೆಣಿಗೆ ಬಾರದು ಎಂದಾದರೆ ಪಾಪ ಅರ್ಧವಾಗುತ್ತದೆ ಎಂಬುದು ನನ್ನ ಲೆಕ್ಕ.

ಮಾಘದಲ್ಲಿ ಮದುವೆಯಾಯಿತು. ಒಂದು ವಾರ ಕಳೆದ ಮೇಲೆ ಅತ್ತೆ ಹೊರಗೆ ಹೋಗಿದ್ದಾಗ ನಾವಿಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂತು ಸಾರಿಗೆ ಅವರೆಬೇಳೆ ಹಿಸುಕುತ್ತಿದ್ದೆವು. ಇದೇ ಸಮಯವೆಂದು ನಾನು ಎದೆ ಬಿಚ್ಚಿದೆ. ತೋರಿಸೋ ಸ್ವೆಟರಿನಿಂದ ಹಿಡಿದು ಬ್ಯಾಂಡ್‌ಸೆಟ್ ಮೇಷ್ಟ್ರವರೆಗೆ ಎಲ್ಲವನ್ನೂ ಹೇಳಿ, "ನಂದೂ ನಿಂದೂ ಒಂದೇ ಕಥೆ ಕಣೆ. ಇನ್ಮೇಲೆ ಇಬ್ರೂ ಸೇರಿ ನಿಭಾಯಿಸಾಣ" ಎಂದೆ. ಪುಷ್ಪ ಬೇಳೆ ಹಿಸುಕುವುದನ್ನು ನಿಲ್ಲಿಸಿದಳು. "ಅಕ್ಕ, ಆ ಸ್ವೆಟರು ನಾನೇ ಹೆಣೆದಿದ್ದು" ಎಂದಳು. ನನಗೆ ಮೊದಲು ಅರ್ಥವಾಗಲಿಲ್ಲ. ಅವಳು ಮೆಲ್ಲಗೆ ಹೇಳಿದಳು. ಕಾಲೇಜಿಗೆ ಹೋಗುವಾಗ ಅವಳು ಮಂಗಳಕ್ಕನ ಹತ್ತಿರ ಕಲಿತವಳಂತೆ. ಕೈ ಚೆನ್ನಾಗಿದೆಯೆಂದು ಮಂಗಳಕ್ಕ ಅಂಗಡಿಗೆ ಬಂದ ಕೆಲಸವನ್ನೆಲ್ಲ ಅವಳಿಗೇ ಕೊಡುತ್ತಿದ್ದಳಂತೆ. "ಹಿರಿಯೂರಿನ ಒಂದು ಮನೆಗೆ ಅಂತ ವರ್ಷಾ ಒಂದು ಅಳತೆ ಅಂಗಿ ಕೊಡ್ತಿದ್ರು ಅಕ್ಕ. ಯಾರ ಮನೆಗೆ ಅಂತ ಹೇಳ್ತಿರಲಿಲ್ಲ. ನನ್ನ ಮನೆ ತುಂಬಿಸ್ಕೊಂಡ ದಿನ ಬಾಗಿಲಲ್ಲಿ ಮಾವ ನಿಂತಿದ್ರಲ್ಲ, ಅವರ ಮೈಮೇಲಿದ್ದದ್ದು ನನ್ನ ಸ್ವೆಟರು. ಒಳಗೆ ಬಂದ್ರೆ ಭಾವನವರ ಮೈಮೇಲೂ ನಂದೇ." ನಾನು, "ಆವತ್ತೇ ಯಾಕೆ ಹೇಳಲಿಲ್ಲ?" ಎಂದೆ. "ನೀವು ದೊಡ್ಡೋರು. ನೀವೇ ಹೇಳ್ತೀರೇನೋ ಅಂತ ಸುಮ್ನಿದ್ದೆ" ಎಂದಳು.

ಅವಳು ಕೋಪಿಸಿಕೊಳ್ಳಬಹುದಿತ್ತು. ಅವಳು ನಕ್ಕಳು, ನಗಿಸಿದಳು ಕೂಡ. ಮುಂದಿನ ಚಳಿಗಾಲದಿಂದ ನನ್ನ ಪಾಲಿನದನ್ನೂ ತಾನೇ ಹೆಣೆದುಕೊಡುತ್ತೇನೆ ಎಂದಳು. ನಾವು ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆವು. ದೃಷ್ಟಿಯ ಭಯಕ್ಕೆ ಅತ್ತೆ ಆ ಕಡೆ ಸುಳಿಯುತ್ತಿರಲಿಲ್ಲ. ಅವಳು ಎರಡು ಸ್ವೆಟರು ಹೆಣೆಯುತ್ತಿದ್ದಳು, ನಾನು ನೂಲಿನ ಲಡಿ ಬಿಚ್ಚಿ ಉಂಡೆ ಸುತ್ತುತ್ತ ಊರಿನ ಸುದ್ದಿ ಹೇಳುತ್ತಿದ್ದೆ. ಉಂಡೆ ಸುತ್ತುವುದರಲ್ಲೂ ನನ್ನದು ಅಷ್ಟಕ್ಕಷ್ಟೆ. ಧನುರ್ಮಾಸದಲ್ಲಿ ಎರಡೂ ಸ್ವೆಟರುಗಳನ್ನು ಅತ್ತೆಯ ಮುಂದಿಟ್ಟೆವು. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಒಳಹೊರಗು ಮಾಡಿದರು. ಎರಡೂ ಒಂದೇ ಕೈಯವು, ಒಂದೇ ಅಂಗಡಿಯ ನೂಲಿನವು. "ದೊಡ್ಡಾಕಿ ಕೈ ಅಂದ್ರೆ ಕೈ. ಎಷ್ಟು ಮೆತ್ತಗೈತೆ ನೋಡು. ಚಿಕ್ಕಾಕಿದು ಸ್ವಲ್ಪ ಬಿಗಿ. ಪರವಾಗಿಲ್ಲ, ಕಲಿತಾಳೆ" ಎಂದರು. ಆ ವರ್ಷ ಕೋಣೆಗೆ ಬಂದು ನಾವಿಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆವು. ಎರಡನೆಯ ವರ್ಷವೂ ಅತ್ತೆ ಅದನ್ನೇ ಹೇಳಿದರು, ಅದೂ ನೆರೆಮನೆಯವರ ಎದುರಿಗೆ. ಆಗ ನಾನು ನಕ್ಕೆ, ಪುಷ್ಪ ಮುಗುಳ್ನಕ್ಕಳು. ಮೂರನೆಯ ವರ್ಷ, "ದಿನಾ ಒಂದು ಗಂಟೆ ಅಕ್ಕನ ಹತ್ರ ಕುಂತು ಕಲ್ತ್ಕಳವ್ವ" ಎಂದು ಅವಳಿಗೆ ಬುದ್ಧಿ ಹೇಳಿದರು. ಪುಷ್ಪ ಹೂಂ ಅತ್ತೆ ಎಂದಳು. ಕೋಣೆಗೆ ಬಂದವಳು ನಗಲಿಲ್ಲ. ಕಡ್ಡಿ ಎತ್ತಿಕೊಂಡು ನನ್ನ ಪಾಲಿನ ಸ್ವೆಟರಿನ ತೋಳು ಮುಂದುವರಿಸಿದಳು. ಬೇರೆ ಯಾವುದರಲ್ಲೂ ಅವಳಿಗೆ ಹಟವಿರಲಿಲ್ಲ. ಸೀರೆ, ಒಡವೆ, ಊಟ, ಯಾವುದನ್ನೂ ನನಗೇ ಎಂದವಳಲ್ಲ. ಅವಳಿಗಿದ್ದದ್ದು ಈ ಒಂದು ವಿದ್ಯೆ. ಅದರ ಹೆಸರನ್ನು ನಾನು ತಿನ್ನುತ್ತಿದ್ದೆ. ನಾನು ಕೆಟ್ಟವಳಲ್ಲ, ಹೇಡಿ. ಮನೆಯೊಳಗೆ ಇವೆರಡಕ್ಕೂ ಅಂಥ ವ್ಯತ್ಯಾಸವೇನೂ ಇಲ್ಲ.

ಮರುವರ್ಷ ಪುಷ್ಪ ಬಸುರಾಗಿ ಹೆರಿಗೆಗೆ ಹೊಳಲ್ಕೆರೆಗೆ ಹೋದಳು. ಕೂಸು ಹುಟ್ಟುವ ಮೊದಲು ಅದಕ್ಕೆಂದು ಏನನ್ನೂ ಹೆಣೆಯಬಾರದು, ಹೊಲಿಯಬಾರದು ಎಂಬುದು ನಮ್ಮಲ್ಲಿ ಪದ್ಧತಿ. ಹಾಗಾಗಿ ಊರಿನ ಕೂಸುಗಳಿಗೆಲ್ಲ ಕುಲಾವಿ ಹೆಣೆದ ಹುಡುಗಿ ತನ್ನದಕ್ಕೆ ಮಾತ್ರ ಒಂದು ಎಳೆಯನ್ನೂ ಮುಟ್ಟಲಿಲ್ಲ. ದೀಪಾವಳಿ ಕಳೆದು ಗಂಡು ಕೂಸಾಯಿತು. ಹೆತ್ತ ಮೇಲೆ ಇನ್ನೊಂದು ಪದ್ಧತಿ: ಬಾಣಂತಿ ಕಡ್ಡಿ, ಸೂಜಿ ಹಿಡಿಯಬಾರದು, ಕಣ್ಣು ಸೋಲುತ್ತವೆ. ಇತ್ತ ಅತ್ತೆ, "ಮೊದಲ ಕುಲಾವಿ ಕೈಗುಣ ಇದ್ದೋರೇ ಹೆಣೀಬೇಕು. ದೊಡ್ಡಾಕೀನೇ ಹೆಣೀಲಿ" ಎಂದು ಸಾರಿಬಿಟ್ಟರು. ತೊಟ್ಟಿಲಿಗೆ ಒಂದು ವಾರವಿರುವಾಗ ನಾನು ಬಾಣಂತಿಯನ್ನು ನೋಡಲು ಹೋದೆ. ಅವಳ ತಾಯಿ ಒಲೆಯ ಮುಂದೆ ಹೋದದ್ದೇ ತಡ, ಪುಷ್ಪ ದಿಂಬಿನ ಕೆಳಗಿನಿಂದ ಒಂದು ಪುಟ್ಟ ಹಳದಿ ಕುಲಾವಿ ತೆಗೆದಳು. ಆ ವರ್ಷ ಹೊಸದಾಗಿ ಬಂದಿದ್ದ ಕೂಸಿನ ನೂಲು, ಮುಟ್ಟಿದರೆ ಬೆಣ್ಣೆ. "ಕಂಬಳಿ ಒಳಗೆ ಇಟ್ಕೊಂಡು ಕದ್ದು ಹೆಣೆದೆ ಅಕ್ಕ. ಅಮ್ಮಂಗೆ ಗೊತ್ತಾದ್ರೆ ಕೊಂದೇ ಹಾಕ್ತಾಳೆ. ನೀವು ತಗೊಂಡೋಗ್ರಿ" ಎಂದು ನನ್ನ ಕೈಗಿಟ್ಟಳು. ಕೈಗಿಟ್ಟವಳು ಬಿಡಲಿಲ್ಲ. "ಸ್ವೆಟರೆಲ್ಲ ನಿಮ್ಮ ಹೆಸರಲ್ಲೇ ಇರ್ಲಿ, ನಂಗೇನೂ ಬೇಜಾರಿಲ್ಲ. ಇದೊಂದು ಮಾತ್ರ ಇವನ ತಾಯಿ ಹೆಣೆದಿದ್ದು ಅಂತ ಅತ್ತೆಗೆ ಹೇಳ್ರಿ" ಎಂದಳು. ಆಣೆ ಮಾಡಿ ಬಂದೆ.

ಬಸ್ಸಿನಲ್ಲಿ ಮಾತುಗಳನ್ನು ಹತ್ತು ಸಲ ಜೋಡಿಸಿಕೊಂಡೆ. ಮನೆಗೆ ಬಂದಾಗ ಅತ್ತೆ ಪೂಜೆಯಲ್ಲಿದ್ದರು, ಪೂಜೆಯ ಹೊತ್ತಲ್ಲಿ ಬೇಡ ಎಂದುಕೊಂಡೆ. ಊಟದ ಹೊತ್ತಲ್ಲೂ ಬೇಡವೆನಿಸಿತು. ಒಂದು ವಾರದಲ್ಲಿ ಒಂದು ಒಳ್ಳೆಯ ಹೊತ್ತು ಸಿಕ್ಕಲಿಲ್ಲವೆಂದರೆ ನೀವು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಅತ್ತೆಯೇ ನನ್ನ ಚೀಲದಲ್ಲಿ ಕುಲಾವಿಯನ್ನು ಕಂಡು, ತೆಗೆದು, ಒಳಹೊರಗು ಮಾಡಿ, ಕಣ್ಣಿಗೊತ್ತಿಕೊಂಡರು.

ತೊಟ್ಟಿಲ ದಿನ ಹೊಳಲ್ಕೆರೆಯ ಮನೆ ತುಂಬ ಹೆಂಗಸರು. ಅತ್ತೆ ಕುಲಾವಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ನಮ್ಮ ದೊಡ್ಡ ಸೊಸೆ ಹೆಣೆದದ್ದು" ಎಂದರು. ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದ ಪುಷ್ಪ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ಇನ್ನೂ ಕಾಯುತ್ತಿದ್ದಳು. ಹತ್ತು ವರ್ಷದಲ್ಲಿ ಮೊದಲ ಸಲ ಅತ್ತೆಯ ಎದುರು ನನ್ನ ನಾಲಿಗೆ ಹೊರಳಿತು. "ಅತ್ತೆ, ಅದನ್ನ ನಾನು ಹೆಣೆದಿಲ್ಲ. ಪುಷ್ಪ ಹೆಣೆದಿದ್ದು. ಇದೊಂದೇ ಅಲ್ಲ, ನಮ್ಮನೆ ಸ್ವೆಟರು ಒಂದನ್ನೂ ನಾನು ಹೆಣೆದಿಲ್ಲ. ನನಗೆ ಹೆಣೆಯಾಕೇ ಬರಲ್ಲ" ಎಂದೆ. ಅತ್ತೆ ನನ್ನನ್ನು ನೋಡಿದರು, ಪುಷ್ಪಳನ್ನು ನೋಡಿದರು, ಆಮೇಲೆ ಬೀಗಿತ್ತಿಯ ಕಡೆ ತಿರುಗಿ, "ಏನ್ರಿ, ಬಾಣಂತಿ ಕೈಗೆ ಕಡ್ಡಿ ಕೊಟ್ಟಿದ್ರಾ?" ಎಂದು ಕೇಳಿದರು.

ಪುಷ್ಪಳ ತಾಯಿಯ ಮುಖ ಕೆಂಪಗಾಯಿತು. "ಏನು ಮಾತ್ರಿ ಇದು? ಮೂರು ಬಾಣಂತನ ಮಾಡೀನಿ ನಾನು. ಕಡ್ಡಿ ಇರ್ಲಿ, ಒಂದು ಸೂಜಿನೂ ಮುಟ್ಟಾಕೆ ಬಿಟ್ಟಿಲ್ಲ. ಬೇಕಾದ್ರೆ ಆಣೆ ಮಾಡ್ತೀನಿ" ಎಂದರು. ಅವರು ಹೇಳಿದ್ದೂ ಅವರ ಮಟ್ಟಿಗೆ ನಿಜವೇ. ಹೌದು ನಾನೇ ಹೆಣೆದೆ ಎಂದು ಪುಷ್ಪ ಬಾಯಿಬಿಟ್ಟರೆ ಅಷ್ಟು ಜನರ ಎದುರಿಗೆ ಹೆತ್ತ ತಾಯಿಯ ಬಾಣಂತನಕ್ಕೆ ಕಳಂಕ. ಅವಳು ತಲೆ ತಗ್ಗಿಸಿ ಕೂಸಿನ ಹೊದಿಕೆ ಸರಿಮಾಡಿದಳು. ಅತ್ತೆಯ ಕಣ್ಣು ತುಂಬಿ ಬಂದಿತ್ತು. "ನೋಡ್ರಮ್ಮ ಎಂಥ ಮನಸ್ಸು. ವಾರಗಿತ್ತಿಗೆ ಹೆಸರು ಬರ್ಲಿ ಅಂತ ತನಗೆ ಹೆಣಿಗೇನೇ ಬರಲ್ಲ ಅಂತಾಳೆ. ಯಾವ ಕಾಲದಾಗೆ ಯಾವ ವಾರಗಿತ್ತಿ ಹಿಂಗಂದಾಳು?" ಎಂದರು. ಹೆಂಗಸರೆಲ್ಲ ಹೌದು ಹೌದು ಎಂದರು. ಒಬ್ಬಾಕೆ ಎದ್ದು ಬಂದು ನನಗೆ ದೃಷ್ಟಿ ತೆಗೆದಳು. ನಾನು ಇಲ್ಲ, ನಿಜವಾಗಿಯೂ ಬರಲ್ಲ ಎಂದು ಮತ್ತೆರಡು ಸಲ ಹೇಳಿದೆ. ಹೇಳಿದಷ್ಟೂ ನನ್ನ ಮನಸ್ಸು ದೊಡ್ಡದಾಗುತ್ತ ಹೋಯಿತು. ಕೊನೆಗೆ ಸುಮ್ಮನಾದೆ.

ಇಲ್ಲಿಗೆ ನಿಲ್ಲಿಸಿದರೆ ನಿಮಗೂ ನನ್ನ ಮೇಲೆ ಕನಿಕರ ಬಂದೀತು. ಪಾಪ, ಹೇಳಿದಳು, ಯಾರೂ ನಂಬಲಿಲ್ಲ ಎನ್ನುತ್ತೀರಿ. ಆದರೆ ನಂಬಲಿಲ್ಲ ಎಂದು ಖಚಿತವಾದ ಆ ಗಳಿಗೆಯಲ್ಲಿ ನನ್ನ ಎದೆಯಿಂದ ಒಂದು ಉಸಿರು ಹೊರಟಿತು. ಅಬ್ಬ, ಬಚಾವಾದೆ ಎನ್ನುವಂಥ ಉಸಿರು. ನಾನು ಅದನ್ನು ಕರೆದಿರಲಿಲ್ಲ, ಅದಾಗಿಯೇ ಬಂತು. ಪಕ್ಕದಲ್ಲೇ ಕೂತಿದ್ದ ಪುಷ್ಪ ಅದನ್ನು ಕೇಳಿಸಿಕೊಂಡಳು. ಕೂಸಿನ ತಲೆಗೆ ಕುಲಾವಿ ಕಟ್ಟಿ, ದಾರವನ್ನು ಗದ್ದದ ಕೆಳಗೆ ಮೆಲ್ಲಗೆ ಗಂಟು ಹಾಕಿ, "ಹೋಗ್ಲಿ ಬಿಡ್ರಿ ಅಕ್ಕ, ಹಾಡು ಶುರು ಮಾಡ್ರಿ" ಎಂದಳು. ಎಲ್ಲರ ಜೊತೆ ನಾನೂ ಜೋಗುಳ ಹಾಡಿದೆ.

ಐದನೆಯ ತಿಂಗಳಲ್ಲಿ ಅವಳು ಕೂಸಿನೊಂದಿಗೆ ಹಿರಿಯೂರಿಗೆ ಬಂದಳು. ಈಗಲೂ ಅಕ್ಕ ಎಂದೇ ಕರೆಯುತ್ತಾಳೆ, ಸಾರಿಗೆ ಉಪ್ಪು ನೋಡಲು ನನ್ನನ್ನೇ ಕರೆಯುತ್ತಾಳೆ. ಕಡ್ಡಿಗಳನ್ನು ಮಾತ್ರ ತವರಿನಿಂದ ತಂದಿಲ್ಲ. ಈ ದಸರೆಗೆ ಮಂಗಳಕ್ಕನ ಅಂಗಡಿಗೆ ಹೊಸ ಮೂಟೆ ಬಂದ ಸುದ್ದಿ ಕೇಳಿ ಅತ್ತೆ, ಚಿಕ್ಕವಳು ಯಾಕೆ ಕಡ್ಡಿಯನ್ನೇ ಹಿಡಿಯುತ್ತಿಲ್ಲ ಎಂದು ನನ್ನನ್ನು ಕೇಳಿದರು. ಕಾರಣ ನನಗೆ ಗೊತ್ತು, ಅವರು ಕೇಳಿದ್ದು ಬಹಳ ಒಳ್ಳೆಯ ಹೊತ್ತಿನಲ್ಲೇ. ಪೂಜೆಯೂ ಆಗಿತ್ತು, ಊಟವೂ ಆಗಿತ್ತು, ಮನೆಯಲ್ಲಿ ನಾವಿಬ್ಬರೇ ಇದ್ದೆವು. "ಎಳೇ ಕೂಸು ಅತ್ತೆ, ಪುರಸೊತ್ತೆಲ್ಲಿ?" ಎಂದೆ.